ತಕುಮಿ ಮೈ ಬೆಳೆಸಿದ ಚಳಿಗಾಲ

ಶಂಶಾಬಾದ್

ನಮ್ಮ ಅಣ್ಣ ವೀರಭದ್ರಪ್ಪ ವಿಮಾನ ಹತ್ತುವ ಮೊದಲೇ ದಪ್ಪಗಾಗಿದ್ದ. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ತೂಗಿದ ಹುಡುಗಿ ಭಾರ ಹೆಚ್ಚಾಯಿತು, ಏನಾದರೂ ತೆಗೆಯಿರಿ ಎಂದಳು. ಸೀರೆ ತೆಗೆಯುವಂತಿರಲಿಲ್ಲ, ನಾವು ಹೊರಟದ್ದೇ ಸೀರೆಗಾಗಿ. ಜೋಳದ ಹಿಟ್ಟು ಬಿಡಲು ಅಣ್ಣ ಒಪ್ಪಲಿಲ್ಲ. ಕೊನೆಗೆ ಅಲ್ಲೇ ಸಾಲಿನಲ್ಲಿ ನಿಂತು ಎರಡು ಸ್ವೆಟರ್, ಅದರ ಮೇಲೊಂದು ಕೋಟು, ಕೋಟಿನ ಮೇಲೆ ಮತ್ತೊಂದು ಕೋಟು ಏರಿಸಿಕೊಂಡು, ಜೇಬಿಗೆಲ್ಲ ಶೇಂಗಾ ಚಟ್ನಿಪುಡಿಯ ಪೊಟ್ಟಣ ತುರುಕಿದ. ತಪಾಸಣೆಯವರು ಪೊಟ್ಟಣಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮೂಸಿ ನೋಡಿದರು. ಅವರಲ್ಲೊಬ್ಬ, ಇದು ಯಾವ ಊರಿನದು ಎಂದು ತೆಲುಗಿನಲ್ಲಿ ಕೇಳಿದ. ಐಜದ ಶೇಂಗಾ, ಮಕ್ತಲದಲ್ಲಿ ಕುಟ್ಟಿದ್ದು ಎಂದು ಅಣ್ಣ ಅಷ್ಟೇ ಗಂಭೀರವಾಗಿ ತೆಲುಗಿನಲ್ಲೇ ಉತ್ತರ ಕೊಟ್ಟ. ಆತ ನಗುತ್ತ ಬಿಟ್ಟುಬಿಟ್ಟ.

ನನ್ನದು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ. ನಮ್ಮೂರ ಸೀರೆಯನ್ನೂ ಗದ್ವಾಲದ ಸೀರೆಯನ್ನೂ ಮಾರುತ್ತೇನೆ. ಜಪಾನಿನ ನಗೋಯಾ ಹತ್ತಿರದ ಒಂದು ನೇಯ್ಗೆ ಊರಿನವರು ಕೈಮಗ್ಗದ ಪ್ರದರ್ಶನಕ್ಕೆ ಬನ್ನಿ ಎಂದು ಕರೆದಿದ್ದರು. ನನ್ನ ಯಜಮಾನರಿಗೆ ಮಾಳಿಗೆಯ ಮೇಲೆ ನಿಂತರೇ ತಲೆ ಸುತ್ತುತ್ತದೆ, ಇನ್ನು ವಿಮಾನದ ಮಾತೆಲ್ಲಿ? ಹಾಗಾಗಿ ಮಕ್ತಲದಲ್ಲಿ ಶೇಂಗಾ ವ್ಯಾಪಾರ ಮಾಡುವ ಅಣ್ಣ ಜೊತೆಗೆ ಹೊರಟ. ವಯಸ್ಸಿನಲ್ಲಿ ತಾಲೀಮು ಮಾಡಿ ಕುಸ್ತಿ ಆಡಿದವನು. ಈಗ ಹೊಟ್ಟೆ ಬಂದಿದೆ, ಆದರೆ ಯಾರು ಕೈ ಕುಲುಕಿದರೂ ಇನ್ನೊಂದು ಕೈಯಿಂದ ಅವರ ತೋಳು ಒತ್ತಿ ನೋಡುವ ಚಟ ಹೋಗಿಲ್ಲ. ಜಪಾನಿನಲ್ಲಿ ಯಾರ ತೋಳನ್ನೂ ಮುಟ್ಟಬೇಡಪ್ಪ ಎಂದು ವಿಮಾನದಲ್ಲಿ ಕೂತು ಅವನಿಂದ ಮಾತು ತೆಗೆದುಕೊಂಡೆ.

ಮೋರಿತಾ ಅವರ ಮನೆ

ಆ ಮಾತು ನಾವು ಇಳಿದ ದಿನದ ಸಂಜೆಯವರೆಗೆ ಉಳಿಯಿತು.

ನಮಗೆ ಇಳಿದುಕೊಳ್ಳಲು ಏರ್ಪಾಡಾಗಿದ್ದುದು ಯೂಮಿ ಮೋರಿತಾ ಎಂಬ ಹುಡುಗಿಯ ಮನೆಯಲ್ಲಿ. ಅವಳು ಪ್ರದರ್ಶನ ನಡೆಸುವ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದಳು, ಕಾಲೇಜಿನಲ್ಲಿ ಹಿಂದಿ ಓದಿದವಳು. ಅವಳದು ಪುಸ್ತಕದ ಹಿಂದಿ, ನಮ್ಮದು ನಿಜಾಮನ ಕಾಲದಿಂದ ಬಂದ ದಖನಿ. ಮೊದಲ ಎರಡು ದಿನ ಒಂದೇ ಭಾಷೆಯಲ್ಲಿ ಮಾತಾಡುತ್ತ ಒಬ್ಬರಿಗೊಬ್ಬರು ಅರ್ಧಂಬರ್ಧ ಅರ್ಥವಾಗಿ ಪರದಾಡಿದೆವು. ಅಣ್ಣ ಎಲ್ಲದಕ್ಕೂ ಹೇಳುತ್ತಿದ್ದ "ನಕ್ಕೋ" ಅವಳ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಬೇಡ ಎಂದರ್ಥ ಎಂದು ತಿಳಿದ ಮೇಲೆ ಅದು ಆ ಮನೆಯವರಿಗೆಲ್ಲ ಬಹಳ ಹಿಡಿಸಿತು. ಚಹಾ ಬೇಕೇ ಎಂದರೆ ನಕ್ಕೋ, ಕಿಟಕಿ ಮುಚ್ಚಲೇ ಎಂದರೆ ನಕ್ಕೋ. ಯೂಮಿಯ ತಾಯಿ ಕೇಕೋ ಅವರಂತೂ ಬಾಗಿಲಿಗೆ ಬಂದ ಸೇಲ್ಸ್‌ಮನ್ನಿಗೂ ತಲೆ ಬಾಗಿಸಿ ನಕ್ಕೋ ಅಂದುಬಿಟ್ಟರು.

ನಾವು ತಲುಪಿದ ಸಂಜೆ ಊಟಕ್ಕೆ ಕೂತಾಗ ಎದುರಿಗೆ ಬಂದು ಕೂತವನು ಯೂಮಿಯ ತಮ್ಮ ತಕುಮಿ. ಬಾಗಿಲು ತುಂಬುವ ಆಳು. ಬಟ್ಟೆಗೆ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸ ಮಾಡುತ್ತ, ಗಿರಣಿಯ ಬೇಸ್‌ಬಾಲ್ ತಂಡದಲ್ಲಿ ಪಿಚರ್ ಆಗಿ ಆಡುತ್ತಿದ್ದ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಎರಡೇ ವ್ಯತ್ಯಾಸ. ಕ್ರಿಕೆಟ್ಟಿನಲ್ಲಿ ಮೊಣಕೈ ಮಡಚಿ ಎಸೆದರೆ ಅಂಪೈರ್ ಕೈ ಚಾಚುತ್ತಾನೆ. ಅಲ್ಲಿ ಮಡಚದೆ ಎಸೆಯುವವನನ್ನು ಹುಚ್ಚ ಅನ್ನುತ್ತಾರೆ. ಚೆಂಡು ನೆಲಕ್ಕೆ ಬೀಳದೆ ಬ್ಯಾಟು ಹಿಡಿದವನ ಮುಂದೆ ಗಾಳಿಯಲ್ಲೇ ಹಾಯಬೇಕು.

ತಕುಮಿ ಬಟ್ಟಲು ತುಂಬ ಅನ್ನ ತಿಂದ. ಕೇಕೋ ಅವರು ಮತ್ತೆ ತುಂಬಿದರು. ಅದನ್ನೂ ತಿಂದ. ನಾವು ಊಟ ಮುಗಿಸಿ ಹಣ್ಣಿಗೆ ಬಂದಾಗಲೂ ಅವನು ಅನ್ನದಲ್ಲೇ ಇದ್ದ, ಜೊತೆಗೆ ಕೋಳಿಯ ತುಂಡು, ಬೇಯಿಸಿದ ಮೊಟ್ಟೆ, ಮತ್ತೆ ಅನ್ನ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದ. ಇಷ್ಟು ಹಸಿವೆಯೇ ಎಂದು ಯೂಮಿಯನ್ನು ಕೇಳಿದೆ. ಹಸಿವೆ ಹೋಗಿ ಎಷ್ಟೋ ಹೊತ್ತಾಯಿತು ಎಂದಳು.

ಕಥೆ ಹೀಗಿತ್ತು. ಹೋದ ವರ್ಷ ಅವನ ಚೆಂಡಿನ ವೇಗ ಸಾಲದೆಂದು ಕೋಚ್ ಹೇಳಿದ್ದರು. ಬರುವ ವಸಂತದಲ್ಲೂ ಹೀಗೇ ಇದ್ದರೆ ಅವನು ತಂಡದ ಅಂಗಿ ಬಿಚ್ಚಿಟ್ಟು ಬರೀ ಬಣ್ಣದ ಕೆಲಸಕ್ಕೆ ಉಳಿಯಬೇಕು. ಚಳಿಗಾಲದಲ್ಲಿ ಅಲ್ಲಿ ಆಟವಿಲ್ಲ. ಆ ಬಿಡುವಿನಲ್ಲಿ ಮೈ ಬೆಳೆಸಿ, ಸ್ನಾಯು ಕಟ್ಟಿ, ಚೆಂಡಿಗೆ ಜೋರು ತರುತ್ತೇನೆಂದು ಇವನು ಹಟ ತೊಟ್ಟಿದ್ದ. ಮೂರು ತಿಂಗಳಲ್ಲಿ ಹತ್ತು ಕಿಲೋ ಏರಿದ್ದ. ಅಷ್ಟೂ ಸ್ನಾಯುವೇ ಎಂಬುದು ಅವನ ವಾದ. ಮೂರು ತಿಂಗಳಲ್ಲಿ ಅಷ್ಟು ಸ್ನಾಯು ಯಾರಿಗೂ ಬರುವುದಿಲ್ಲ, ಅರ್ಧ ಅನ್ನ, ಅರ್ಧ ನೀರು ಎಂಬುದು ಅಕ್ಕನ ವಾದ. ತಾಯಿ ಯಾವ ವಾದವನ್ನೂ ಹೂಡದೆ ಬಟ್ಟಲು ತುಂಬುತ್ತಿದ್ದರು.

ನಾನು ಇದನ್ನು ಅಣ್ಣನಿಗೆ ಬಿಡಿಸಿ ಹೇಳುವ ಮೊದಲೇ, ಅಲ್ಲಿಷ್ಟು ಇಲ್ಲಿಷ್ಟು ಕೇಳಿಸಿಕೊಂಡಿದ್ದ ಅವನು ಮೇಜು ಸುತ್ತಿ ಹೋಗಿ ತಕುಮಿಯ ತೋಳು ಒತ್ತುತ್ತಿದ್ದ.

"ಗಟ್ಟಿ ಐತಿ," ಎಂದು ನನ್ನ ಕಡೆ ತಿರುಗಿದ. "ಏ ಗಿರ್ಜಿ, ಅವನ ಅಕ್ಕಗ ಹೇಳು, ಇದು ಅನ್ನ ಅಲ್ಲಂತ."

ಪ್ರದರ್ಶನದ ಸಭಾಂಗಣ

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎನ್ನುವ ಮಾತು ಆ ಊರಿನ ಚಳಿಗೆ ಯಾರೂ ಮುಟ್ಟಿಸಿರಲಿಲ್ಲ. ಶಿವರಾತ್ರಿ ಕಳೆದಿತ್ತು, ನಾನು ಸೀರೆಯ ಮೇಲೆ ಕೇಕೋ ಅವರ ಕೋಟು ಹಾಕಿಕೊಂಡು, ಕಾಲಿಗೆ ಎರಡು ಜೊತೆ ಸಾಕ್ಸ್ ಏರಿಸಿ ಮಳಿಗೆಯಲ್ಲಿ ಕೂತಿದ್ದೆ. ಬಂದವರು ಗದ್ವಾಲ ಸೀರೆಯ ಹತ್ತಿ ಒಡಲಿಗೆ ರೇಷ್ಮೆ ಅಂಚು ಕೂಡುವ ಜಾಗವನ್ನು ಬೆರಳಲ್ಲಿ ಸವರಿ ನೋಡುವರು. ಸೆರಗು ಹೊದ್ದು ಕನ್ನಡಿ ನೋಡುವರು. ಹತ್ತಿಯನ್ನು ಮುಟ್ಟುವುದರಲ್ಲಿ ಅವರಿಗಿದ್ದ ಸಮಾಧಾನ ಕಂಡು ನನಗೆ ಬಹಳ ಖುಷಿಯಾಯಿತು. ನಮ್ಮಲ್ಲಿ ಗಿರಾಕಿ ಮೊದಲು ಕೇಳುವುದು ಬಣ್ಣ ಹೋಗುತ್ತದೇನ್ರಿ ಅಂತ.

ಆಮೇಲೆ ಅವರು ಯೂಮಿಯ ಕಡೆ ತಿರುಗಿ ಏನೋ ಕೇಳುವರು, ಅವಳು ನಿಟ್ಟುಸಿರು ಬಿಟ್ಟು ಏನೋ ಹೇಳುವಳು. ಸೀರೆಯ ಬೆಲೆ ಇರಬೇಕೆಂದು ನಾನು ತಿಳಿದಿದ್ದೆ. ಅಲ್ಲ. ನಿನ್ನ ತಮ್ಮನ ಮೈ ನಿಜವೇ, ಸುಳ್ಳೇ ಎಂದು ಕೇಳುತ್ತಿದ್ದರಂತೆ. ಊರೇ ಎರಡು ಪಂಗಡವಾಗಿತ್ತು. ಬಸ್ಸಿನ ಡ್ರೈವರ್ ಸ್ನಾಯು ಪಂಗಡ. ಕ್ಷೌರಿಕ ಅನ್ನದ ಪಂಗಡ. ಮೈ ಬೆಳೆದದ್ದು ನಿಜವೇ ಇರಬಹುದು, ಆದರೆ ಪಿಚರ್‌ಗೆ ಅದರಿಂದ ಏನು ಲಾಭ, ಕೈಗೆ ಬೇಕಾದದ್ದು ಚುರುಕು ತಾನೇ ಎನ್ನುವ ಮೂರನೆಯ ಪಂಗಡವೊಂದು ಅಂಚೆ ಕಚೇರಿಯಲ್ಲಿತ್ತು. ನಾರಾಯಣಪೇಟೆಯ ಚೌಕದಲ್ಲಿ ಕ್ರಿಕೆಟ್ ಮಾತು ನಡೆಯುವುದು ಹೀಗೇ. ವ್ಯತ್ಯಾಸವೆಂದರೆ ಜಪಾನಿನಲ್ಲಿ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಹಾಗಾಗಿ ಜಗಳ ಬಹಳ ಹೊತ್ತು ನಡೆಯುತ್ತದೆ.

ಅಣ್ಣ ಮಳಿಗೆಯಲ್ಲಿ ಕೂರಲಿಲ್ಲ. ಬೆಳಿಗ್ಗೆ ತಕುಮಿ ಕೆಲಸಕ್ಕೆ ಹೋಗುವ ಮೊದಲು ಮನೆಯ ಮುಂದಿನ ಪುಟ್ಟ ಅಂಗಳದಲ್ಲಿ ಅವನಿಗೆ ನಮ್ಮ ತಾಲೀಮಿನ ದಂಡ, ಬೈಠಕು ಹೇಳಿಕೊಡಲು ಶುರುಮಾಡಿದ. ಭಾಷೆ ಬೇಕಿರಲಿಲ್ಲ. ಅಣ್ಣ ಕೂತರೆ ತಕುಮಿ ಕೂತ, ಎದ್ದರೆ ಎದ್ದ. ಪಕ್ಕದ ಮನೆಯ ಗಂಡ ಹೆಂಡತಿಯೂ ಬೇಲಿಯ ಆಚೆ ನಿಂತು ಕೂತೆದ್ದರು. ಮೂರನೆಯ ದಿನ ಅಣ್ಣ ಕೂತವನು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಇದೂ ಒಂದು ವರಸೆ ಎಂದು ತಿಳಿದು ತಕುಮಿಯೂ ಏಳಲಿಲ್ಲ, ಪಕ್ಕದ ಮನೆಯವರೂ ಏಳಲಿಲ್ಲ. ನಾನು ಬಾಗಿಲು ತೆರೆದಾಗ ನಾಲ್ವರೂ ಮಂಜಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬರನ್ನೊಬ್ಬರು ಗೌರವದಿಂದ ನೋಡುತ್ತಿದ್ದರು.

ಊರ ಸ್ನಾನದ ಮನೆ

ಸೊಂಟಕ್ಕೆ ಬಿಸಿನೀರೇ ಮದ್ದು ಎಂದು ಕೇಕೋ ಅವರು ಆ ಸಂಜೆ ಎಲ್ಲರನ್ನೂ ಊರ ಸ್ನಾನದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಎಲ್ಲರೂ ಒಟ್ಟಿಗೆ ಮೀಯುತ್ತಾರೆ, ಹೆಂಗಸರದು ಒಂದು ಕಡೆ, ಗಂಡಸರದು ಒಂದು ಕಡೆ. ಮೈಮೇಲೆ ಒಂದು ನೂಲೂ ಇರಬಾರದು. ನಾನು ಲಂಗ ಎದೆಗೆ ಕಟ್ಟಿಕೊಂಡು ಹೊರಟೆ. ಮುದುಕಿಯೊಬ್ಬರು ಬಂದು ನಗುತ್ತಲೇ ಅದರ ಗಂಟು ತೋರಿಸಿ ಕೈ ಆಡಿಸಿದರು. ಬಿಚ್ಚಿ ಕಣ್ಣು ಮುಚ್ಚಿಕೊಂಡು ನಿಂತೆ. ಕಣ್ಣು ತೆರೆದಾಗ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಆ ಮುದುಕಿಯೇ ನನ್ನ ಹಿಂದೆ ಪುಟ್ಟ ಮಣೆ ಹಾಕಿಕೊಂಡು ಕೂತು ನನ್ನ ಬೆನ್ನು ಉಜ್ಜಿದರು. ನಮ್ಮಲ್ಲಿ ದೀಪಾವಳಿಯ ಎಣ್ಣೆ ನೀರಿಗೆ ಅವ್ವ ಬೆನ್ನು ತಿಕ್ಕಿದ್ದೇ ಕೊನೆ. ಅಂಥ ಸುಖ.

ಎರಡು ಕಡೆಗೂ ನಡುವೆ ಒಂದು ಗೋಡೆ ಇತ್ತು, ಆದರೆ ಅದು ಚಾವಣಿಯವರೆಗೆ ಮುಟ್ಟಿರಲಿಲ್ಲ. ನಾವು ಕುತ್ತಿಗೆಯವರೆಗೆ ಬಿಸಿನೀರಲ್ಲಿ ಮುಳುಗಿ ಸುಮ್ಮನೆ ಕೂತಿದ್ದಾಗ ಆ ಗೋಡೆಯ ಮೇಲಿಂದ ಶುದ್ಧ ಮಕ್ತಲದ ಕನ್ನಡ ಹಾರಿಬಂತು.

"ಏ ಗಿರ್ಜಿ, ಕೇಳಸ್ತೈತೇನು? ಈ ಹುಡುಗನ ಕೈ ಬೆನ್ನ ಹಿಂದ ಹೋಗವಲ್ದು. ಅವರಕ್ಕಗ ಹೇಳು."

ಎಲ್ಲರೂ ತಲೆಯೆತ್ತಿ ಗೋಡೆಯ ಕಡೆ ನೋಡಿದರು. ನಾನು ಮೂಗಿನವರೆಗೆ ನೀರಲ್ಲಿ ಇಳಿದೆ. ಏನಂತೆ ಎಂದು ಯೂಮಿ ಕೇಳಿದಳು, ದಖನಿಯಲ್ಲಿ ಹೇಳಿದೆ. ಅವಳು ಜಪಾನಿಯಲ್ಲಿ ತಮ್ಮನನ್ನು ಕೂಗಿ ಕೇಳಿದಳು. ಆಚೆಯಿಂದ ಸಣ್ಣ ದನಿಯಲ್ಲಿ ಹೌದು ಎಂದು ಉತ್ತರ ಬಂತು.

ಆದದ್ದು ಇಷ್ಟು. ತಕುಮಿ ಬೆನ್ನು ಉಜ್ಜಿಕೊಳ್ಳಲು ಹೋಗಿದ್ದ, ಟವಲ್ಲು ಹಿಡಿದ ಕೈ ಭುಜದ ಆಚೆಗೆ ಇಳಿಯಲೇ ಇಲ್ಲ. ಅಣ್ಣನ ತಾಲೀಮಿನಲ್ಲಿ ಉಸ್ತಾದರು ಇಡುತ್ತಿದ್ದ ಪರೀಕ್ಷೆ ಒಂದಿತ್ತು. ಒಂದು ಕೈ ಮೇಲಿಂದ, ಇನ್ನೊಂದು ಕೆಳಗಿಂದ, ಬೆನ್ನ ಹಿಂದೆ ಬೆರಳು ಕೂಡಬೇಕು. ಅಣ್ಣ ಅದನ್ನು ಮಾಡಿಸಿ ನೋಡಿದ. ತಕುಮಿಯ ಎರಡು ಕೈಗಳ ನಡುವೆ ಗೇಣಿಗಿಂತ ಹೆಚ್ಚು ಜಾಗ ಉಳಿಯಿತು. ಯೂಮಿ ಇದನ್ನು ಸುತ್ತಲಿನವರಿಗೆ ವಿವರಿಸಿದಳು. ನನ್ನ ಬೆನ್ನು ಉಜ್ಜಿದ ಮುದುಕಿ ತಕ್ಷಣ ತಮ್ಮ ಕೈಗಳನ್ನು ಬೆನ್ನ ಹಿಂದೆ ಕೂಡಿಸಿ ತೋರಿಸಿದರು. ನೋಡುನೋಡುತ್ತ ತೊಟ್ಟಿಯಲ್ಲಿದ್ದ ಎಲ್ಲ ಹೆಂಗಸರೂ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಮಾಡಿ ಉಸಿರು ಬಿಗಿಹಿಡಿದರು. ನನ್ನದು ಕೂಡಲಿಲ್ಲ. ನಗು ತಡೆಯಲಾರದೆ ನೀರು ಕುಡಿದೆ.

ಕೇಕೋ ಅವರು ಮಾತ್ರ ನಗಲಿಲ್ಲ. ಹಿಂದಕ್ಕೆ ಬಾಗದ ಕೈ ಚೆಂಡನ್ನು ಜೋರಾಗಿ ಎಸೆಯಲಾರದು ಎಂದು ಅವರಿಗೆ ಗೊತ್ತಿತ್ತು.

ಅಡಿಗೆಮನೆ

ಮನೆಗೆ ಬಂದು ಊಟಕ್ಕೆ ಕೂತೆವು. ಕೇಕೋ ಅವರು ಬಟ್ಟಲು ತುಂಬಿ ಮಗನ ಮುಂದೆ ಇಟ್ಟರು. ತಕುಮಿ ಅದನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿ, "ನಕ್ಕೋ" ಎಂದ.

ಆ ಮಾತಿಗೆ ಆ ಮನೆಯಲ್ಲಿ ಯಾರೂ ನಗದಿದ್ದದ್ದು ಅದೇ ಮೊದಲು. ಕೇಕೋ ಅವರು ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಅವರು ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ನನಗೆ ಅವರ ಮಾತು ಬಾರದು, ಅವರಿಗೆ ನನ್ನದು. ಆದರೆ ಮೂರು ತಿಂಗಳು ಬೆಳಗಾಗುವ ಮೊದಲೇ ಎದ್ದು ಬೇಯಿಸಿದ್ದು ಮಗನಿಗೆ ಅಡ್ಡಿಯಾಯಿತೇನೋ ಎನ್ನುವ ಸಂಕಟ ತಿಳಿಯಲು ಭಾಷೆ ಏಕೆ? ಏನು ಮಾಡಬೇಕೆಂದು ತೋಚದೆ ಜೋಳದ ಹಿಟ್ಟಿನ ಚೀಲ ಹೊರತೆಗೆದೆ. ಬಿಸಿನೀರು ಹಾಕಿ ನಾದಿ, ಅವರ ತರಕಾರಿ ಹೆಚ್ಚುವ ಹಲಗೆಯ ಮೇಲೆ ರೊಟ್ಟಿ ಬಡಿಯತೊಡಗಿದೆ. ಬಡಿತಕ್ಕೆ ಅವರು ತಿರುಗಿ ನೋಡಿದರು. ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದು ತಾವೂ ಒಂದು ಉಂಡೆ ತೆಗೆದುಕೊಂಡರು. ಅವರ ರೊಟ್ಟಿ ನಕ್ಷೆಯಲ್ಲಿ ಕಾಣುವ ದ್ವೀಪದಂತಾಯಿತು.

ರೊಟ್ಟಿಯನ್ನು ಬರಿಯ ಬೆಂಕಿಯ ಮೇಲೆ ಉಬ್ಬಿಸಿದ್ದೇ ತಪ್ಪಾಯಿತು. ಚಾವಣಿಗೆ ಅಂಟಿಸಿದ್ದ ಒಂದು ಬಿಳಿ ಡಬ್ಬಿಯೊಳಗಿಂದ ಹೆಂಗಸೊಬ್ಬಳು ಜಪಾನಿಯಲ್ಲಿ ಕೂಗಲು ಶುರುಮಾಡಿದಳು. ಮನೆಗೆ ಬೆಂಕಿ ಬಿದ್ದಿದೆ ಎಂದು ಸಾರುವ ಯಂತ್ರವಂತೆ. ಪಕ್ಕದ ಮನೆಯ ಗಂಡ ನೀರಿನ ಬಕೆಟ್ ಹಿಡಿದು ಓಡಿಬಂದ. ಅಣ್ಣ ಸೊಂಟ ಹಿಡಿದುಕೊಂಡೇ ಓಡಿಬಂದು ಆ ಡಬ್ಬಿಗೆ ಕೈಮುಗಿದು, "ತಾಯಿ, ರೊಟ್ಟಿ ಐತಿ ರೊಟ್ಟಿ," ಎಂದ. ತಕುಮಿ ಕೈ ಮೇಲೆತ್ತಿ ಡಬ್ಬಿಯನ್ನು ಆರಿಸಲು ಹೋದ. ಭುಜ ಅಷ್ಟು ಮೇಲೆ ಏಳಲಿಲ್ಲ, ಯೂಮಿ ಕುರ್ಚಿ ಹತ್ತಿ ಆರಿಸಿದಳು. ಅಷ್ಟಾದ ಮೇಲೆ ಕೇಕೋ ಅವರು ನೆಲದ ಮೇಲೆ ಕೂತು ನಗಲು ಶುರುಮಾಡಿದರು. ನಿಲ್ಲಿಸಲಿಲ್ಲ. ಬಕೆಟ್ಟಿನವನನ್ನೂ ಸೇರಿಸಿಕೊಂಡು ಎಲ್ಲರೂ ಅಲ್ಲೇ ನಿಂತು ಮೊಸರು, ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದೆವು.

ಆಗ ಅಣ್ಣ ತನ್ನ ಕಥೆ ಹೇಳಿದ. ಅದನ್ನು ಅವನು ಮನೆಯಲ್ಲೂ ಹೇಳಿದವನಲ್ಲ. ವಯಸ್ಸಿನಲ್ಲಿ ಒಂದು ಚಳಿಗಾಲವೆಲ್ಲ ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸಿ ಗದ್ವಾಲಕ್ಕೆ ಕುಸ್ತಿಗೆ ಹೋಗಿದ್ದನಂತೆ. ಎದುರಾಳಿ ಶಾಂತಿನಗರದ ಕಡೆಯ ಒಬ್ಬ ಸಪೂರ ಆಳು.

"ನಾ ಬಗ್ಗೂದ್ರೊಳಗ ಅಂವ ನನ್ನ ಬೆನ್ನಿಗೆ ಮಣ್ಣು ಹಚ್ಚಿಸಿದ," ಎಂದ ಅಣ್ಣ. "ಮೈ ಬಂದಿತ್ತು. ಆದ್ರ ಅದು ನನ್ನ ಮಾತು ಕೇಳೂದು ಇನ್ನಾ ಕಲ್ತಿದ್ದಿಲ್ಲ."

ಇದನ್ನು ದಖನಿಗೆ ತಂದವಳು ನಾನು, ಜಪಾನಿಗೆ ತಂದವಳು ಯೂಮಿ. ಅಷ್ಟು ದೂರ ಹೋಗುವಷ್ಟರಲ್ಲಿ ಎಷ್ಟು ಉಳಿಯಿತೋ ಗೊತ್ತಿಲ್ಲ. ತಕುಮಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಆಮೇಲೆ ಏನು ಮಾಡಿದಿರಿ ಎಂದು ಕೇಳಿದ. ಮೈ ಇಳಿಸಿಬಿಡು, ಒಪ್ಪತ್ತು ಉಪವಾಸ ಇರು, ಭುಜಕ್ಕೆ ಎಣ್ಣೆ ತಿಕ್ಕು ಎಂದು ಅಣ್ಣ ಸಲಹೆ ಕೊಟ್ಟ. ಮರುದಿನ ತಕುಮಿ ಕೋಚ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ಉಪವಾಸದ ಮಾತಿಗೆ ಕೋಚ್ ಬಹಳ ನಕ್ಕರಂತೆ. ಊಟ ಬಿಡಬೇಡ, ಭಾರ ಎತ್ತುವುದನ್ನು ಕಾಲಿಗಷ್ಟೇ ಇಟ್ಟುಕೋ, ಭುಜವನ್ನು ಸಡಿಲಿಸು, ದಿನವೂ ದೂರ ದೂರಕ್ಕೆ ಚೆಂಡು ಎಸೆ ಎಂದರಂತೆ. ಎಣ್ಣೆಗೆ ಮಾತ್ರ ಅಡ್ಡಿ ಹೇಳಲಿಲ್ಲ. ಹಾಗಾಗಿ ಅಣ್ಣ ದಿನವೂ ಸಂಜೆ ಅವನ ಭುಜ ತಿಕ್ಕುತ್ತ ಕೂತ. ಪ್ರದರ್ಶನ ಮುಗಿಯುತ್ತ ಬಂದಂತೆ ತಕುಮಿಯ ಬೆನ್ನ ಹಿಂದಿನ ಆ ಗೇಣು ಬೆರಳುದ್ದಕ್ಕೆ ಇಳಿಯಿತು.

ಗಿರಣಿಯ ಮೈದಾನ

ನಾವು ಹೊರಡುವ ಹಿಂದಿನ ದಿನ ತಂಡದ ಮೊದಲ ಅಭ್ಯಾಸ ಪಂದ್ಯವಿತ್ತು. ಸಭಾಂಗಣಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಸೀರೆಗಳ ಮೇಲೆ ಬಟ್ಟೆ ಹೊದಿಸಿ ನಾವೂ ಮೈದಾನಕ್ಕೆ ಹೋದೆವು. ಅಲ್ಲಿ ಎಲ್ಲರೂ ಇದ್ದರು, ಬಸ್ಸಿನ ಡ್ರೈವರ್, ಕ್ಷೌರಿಕ, ಸ್ನಾನದ ಮನೆಯ ಮುದುಕಿಯರು. ಬಟ್ಟೆ ಹಾಕಿಕೊಂಡಿದ್ದರಿಂದ ಅವರ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತಾಯಿತು.

ತಕುಮಿ ಮಣ್ಣಿನ ದಿಬ್ಬದ ಮೇಲೆ ನಿಂತ. ಮೊದಲ ಚೆಂಡು ಹಿಡಿಯುವವನ ತಲೆಯ ಮೇಲೆ ಹಾರಿ ಬಲೆಗೆ ಬಡಿಯಿತು. ಎರಡನೆಯದು ನೆಲಕ್ಕೆ ಬಿತ್ತು. ಅಲ್ಲಿ ಹೀಗೆ ತಪ್ಪುತ್ತ ಹೋದರೆ ಬ್ಯಾಟಿನವನು ಹೊಡೆಯದೆಯೇ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ ಆರಾಮವಾಗಿ ನಡೆದು ಹೋಗಬಹುದು. ಒಬ್ಬ ಹೋದ. ಇನ್ನೊಬ್ಬನೂ ಹೋದ. ಕ್ಷೌರಿಕ ಆಕಾಶ ನೋಡಿದ. ಕೇಕೋ ಅವರು ನನ್ನ ಕೈ ಹಿಡಿದುಕೊಂಡಿದ್ದರು, ಬಳೆಗಳು ಒತ್ತಿ ನೋಯುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ಅಣ್ಣ ಎದ್ದು ನಿಂತು ಮೆಲ್ಲಗೆ ತನ್ನಷ್ಟಕ್ಕೆ ತಾನೇ, "ಬಗ್ಗು ತಮ್ಮಾ, ಬಗ್ಗು," ಎನ್ನುತ್ತಿದ್ದ.

ಕೋಚ್ ದಿಬ್ಬದವರೆಗೆ ನಡೆದು ಹೋಗಿ ಏನೋ ಹೇಳಿ ವಾಪಸು ಬಂದರು. ಕೈಯನ್ನು ಮರೆತುಬಿಡು, ಕಾಲು ಊರು ಎಂದರಂತೆ, ಅಷ್ಟೇ.

ಮುಂದಿನ ಚೆಂಡು ನನಗೆ ಕಾಣಲಿಲ್ಲ. ಸದ್ದು ಮಾತ್ರ ಕೇಳಿಸಿತು. ಬ್ಯಾಟಿನವನು ಬೀಸಿದಾಗ ಚೆಂಡು ಆಗಲೇ ಹಿಡಿಯುವವನ ಕೈಗವಸಿನಲ್ಲಿತ್ತು. ಮತ್ತೆ ಅದೇ ಸದ್ದು. ಮತ್ತೆ. ಮೂರನೆಯ ಸಲಕ್ಕೆ ಆ ಬ್ಯಾಟಿನವನು ಔಟಾಗಿ ಹೊರಟ. ಆಮೇಲಿನವನೂ ಹಾಗೇ ಹೊರಟ. ಅಲ್ಲಿ ಮೂವರು ಔಟಾದರೆ ಒಂದು ಸರದಿ ಮುಗಿದಂತೆ. ಮೂರನೆಯವನು ದೂರಕ್ಕೆ ಹೊಡೆದ, ಆದರೆ ಬೇಲಿಯ ಹತ್ತಿರ ಯಾರೋ ಓಡಿಹೋಗಿ ಹಿಡಿದುಬಿಟ್ಟರು. ಮುದುಕಿಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣ ಕ್ಷೌರಿಕನನ್ನು ತಬ್ಬಿಕೊಂಡ. ಅವನು ಅನ್ನದ ಪಂಗಡದವನೆಂದು ಅಣ್ಣನಿಗೆ ನೆನಪಿರಲಿಲ್ಲ, ಆ ಗಳಿಗೆಯಲ್ಲಿ ಅವನಿಗೂ ನೆನಪಿರಲಿಲ್ಲ.

ಪಂದ್ಯ ಮುಗಿದ ಮೇಲೆ, ವೇಗ ಅಳೆಯುವ ಯಂತ್ರದಲ್ಲಿ ಎಷ್ಟು ಬಂತು ಎಂದು ಯೂಮಿಯನ್ನು ಕೇಳಿದೆ. ಹೋದ ವರ್ಷಕ್ಕಿಂತ ಒಂದು ಚೂರು ಹೆಚ್ಚು ಎಂದಳು. ಅಷ್ಟು ಅನ್ನಕ್ಕೆ ಒಂದು ಚೂರೇ ಎಂದೆ.

"ಆ ಚೂರಿಗಾಗಿಯೇ ಎಲ್ಲರೂ ಇಷ್ಟು ಕಷ್ಟಪಡುತ್ತಾರೆ," ಎಂದಳು ಅವಳು, ತನ್ನ ಪುಸ್ತಕದ ಹಿಂದಿಯಲ್ಲಿ. "ಅವನನ್ನು ತಂಡದಲ್ಲಿ ಉಳಿಸಿಕೊಂಡಿದ್ದಾರೆ."

ಆಮೇಲೆ ಕೋಚ್ ಬಂದು ಕೇಕೋ ಅವರ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬೇಸಿಗೆ ಬರುವಷ್ಟರಲ್ಲಿ ಈ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬೆವರಾಗಿ ಹೋಗುತ್ತದೆ, ಅದಕ್ಕೆ ಬೇಸರ ಬೇಡ, ತೊಡೆಗೆ ಬಂದದ್ದು ನಿಲ್ಲುತ್ತದೆ, ಇಂದು ಎಸೆದದ್ದು ಆ ತೊಡೆಯೇ, ಅದನ್ನು ಕಟ್ಟಿದವರು ನೀವು ಎಂದರಂತೆ. ಕೇಕೋ ಅವರು ಇನ್ನೂ ಕೆಳಗೆ ಬಗ್ಗಿದರು. ಕೋಚ್ ಅದಕ್ಕಿಂತ ಕೆಳಗೆ ಬಗ್ಗಿದರು. ಇದು ಎಲ್ಲಿ ನಿಲ್ಲುವುದೋ ಎಂದು ನಾನು ನೋಡುತ್ತಿದ್ದೆ.

ಅಷ್ಟರಲ್ಲಿ ತಕುಮಿ ಅಣ್ಣನನ್ನು ಕೈಹಿಡಿದು ದಿಬ್ಬದ ಮೇಲೆ ನಿಲ್ಲಿಸಿ ಚೆಂಡು ಕೊಟ್ಟ. ಅಣ್ಣ ಎರಡೂ ಕೋಟು ಬಿಚ್ಚಿ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ತೊಡೆ ತಟ್ಟಿ ಎಸೆದ. ಚೆಂಡು ಅರ್ಧ ದಾರಿಯಲ್ಲಿ ಬಿದ್ದು ಉರುಳಿ ನಿಂತಿತು. ಊರೆಲ್ಲ ಚಪ್ಪಾಳೆ ಹೊಡೆಯಿತು. ಅವನು ಸೋತವನಂತೆ ಕಾಣಲೇ ಇಲ್ಲ, ನಾಲ್ಕೂ ಕಡೆ ತಿರುಗಿ ಕೈಮುಗಿದ.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಕ್ಕೋ ಎಂದೆ. ಯಾರೂ ಕೇಳಲಿಲ್ಲ. ನಾನು ಬೇಸ್‌ಬಾಲ್ ಇರಲಿ, ಹುಡುಗಿಯಾಗಿದ್ದಾಗ ಹುಣಸೆಮರಕ್ಕೆ ಕಲ್ಲು ಎಸೆದದ್ದು ಬಿಟ್ಟರೆ ಏನನ್ನೂ ಎಸೆದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ದಿಬ್ಬ ಹತ್ತಿದೆ. ಚೆಂಡು ತಣ್ಣಗೆ, ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು. ಮೊದಲನೆಯದು ಪಕ್ಕಕ್ಕೆ ಹೋಗಿ ಎದುರು ತಂಡದವರ ಚಹಾದ ಕೆಟಲಿಗೆ ಬಡಿಯಿತು. ಅವರೆಲ್ಲ ಎದ್ದು ನನಗೇ ಕ್ಷಮೆ ಕೇಳಿದರು.

ಎರಡನೆಯದನ್ನು ಹಿಡಿದು ಕಾಲು ಊರಿ, ಕಣ್ಣು ಮುಚ್ಚಿ ಎಸೆದೆ. ಚಟ್ಟನೆ ಸದ್ದಾಯಿತು. ಕಣ್ಣು ತೆರೆದರೆ ಚೆಂಡು ನೆಟ್ಟಗೆ ಹೋಗಿ ಆ ಚರ್ಮದ ಕೈಗವಸಿನ ನಡುಮಧ್ಯೆ ಕೂತಿತ್ತು. ಹಿಡಿದವನು ಅದನ್ನು ಅಲ್ಲಾಡಿಸದೆ ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸುತ್ತಿದ್ದ. ದಿಬ್ಬದ ಕೆಳಗೆ ಅಣ್ಣ ಬಾಯಿ ತೆರೆದು ನಿಂತಿದ್ದ. ಕಾಯುತ್ತಿರುವ ಬೇರೆಯವರಿಗೂ ಬಿಟ್ಟುಕೊಡಿ ಎಂದು ಯೂಮಿ ಸನ್ನೆ ಮಾಡುತ್ತಿದ್ದಳು. ನಾನು ಕಾಣದವಳಂತೆ, ಇನ್ನೊಂದು ಚೆಂಡಿಗೆ ಕೈ ಚಾಚಿದೆ.